ಹೊಳೆದಂಡೆಯ ಪರಿಮಳ: ಮಲೆನಾಡಿನ ಅಪ್ಪೆಮಿಡಿಯ ಕಥೆ

ಶಿವರಾತ್ರಿ ಕಳೆದು ಚಳಿಯು ಹಿಂದೆ ಸರಿಯುವ ಹೊತ್ತಿಗೆ ಮಲೆನಾಡಿನ ಗೃಹಿಣಿಯರ ಕಿವಿ ಚುರುಕಾಗುತ್ತದೆ. "ಮಿಡಿ ಬಂತಂತೆ" ಎಂಬ ಒಂದೇ ಮಾತು ಸಾಕು. ಅದು ಕೇರಿಯಿಂದ ಕೇರಿಗೆ, ಊರಿಂದ ಊರಿಗೆ ತಾನಾಗಿ ಹಬ್ಬುತ್ತದೆ. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲಿ, ಸಾಗರದ ಪೇಟೆಬೀದಿಯಲ್ಲಿ, ತೀರ್ಥಹಳ್ಳಿಯ ಸಂತೆಯಲ್ಲಿ ಬುಟ್ಟಿಗಳೂ ಗೋಣಿಚೀಲಗಳೂ ಸಾಲುಗಟ್ಟಿ ಕೂರುತ್ತವೆ. ಅವುಗಳಲ್ಲಿರುವುದು ಹೆಬ್ಬೆರಳ ಗಾತ್ರದ, ಉದ್ದ ತೊಟ್ಟಿನ, ಹಸುರು ಮಾವಿನ ಎಳೆಗಾಯಿ. ಅದನ್ನು ಕೊಳ್ಳುವವರು ತೂಕವನ್ನು ಕೇಳುವುದಿಲ್ಲ. ನೂರಕ್ಕೆ ಎಷ್ಟು, ಸಾವಿರಕ್ಕೆ ಎಷ್ಟು ಎಂದು ಕೇಳುತ್ತಾರೆ. ಬೆಲೆಯನ್ನು ಕೇಳುವುದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಉಂಟು.

"ಯಾವ ಮರದ್ದು ಮಾರಾಯಾ?"

"ಹೊಳೆದಂಡೆ ಮರದ್ದು ಅಮ್ಮಾ. ವಾಸನೆ ನೋಡಿ, ಆಮೇಲೆ ಮಾತಾಡಿ."

ಆಕೆ ಒಂದು ಮಿಡಿಯನ್ನು ಆರಿಸಿ ತೊಟ್ಟು ಮುರಿಯುತ್ತಾಳೆ. ಪಟಕ್ಕನೆ ಸೊನೆ ಚಿಮ್ಮುತ್ತದೆ. ಅದನ್ನು ಮೂಗಿನ ಹತ್ತಿರಕ್ಕೆ ಹಿಡಿದು ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ. ಆ ಕ್ಷಣದಲ್ಲಿಯೇ ವ್ಯಾಪಾರದ ತೀರ್ಮಾನವಾಗುತ್ತದೆ. ಪರಿಮಳ ಒಪ್ಪಿದರೆ ಚೌಕಾಸಿ. ಒಪ್ಪದಿದ್ದರೆ ಮುಂದಿನ ಬುಟ್ಟಿ. ಬಣ್ಣವನ್ನು ಕಂಡೋ ಗಾತ್ರವನ್ನು ಕಂಡೋ ಬೆಲೆ ಕಟ್ಟುವ ಲೋಕದಲ್ಲಿ, ಮೂಗಿನ ಮಾತನ್ನೇ ಕೊನೆಯ ಮಾತಾಗಿ ಒಪ್ಪಿಕೊಂಡ ಈ ವಿಚಿತ್ರ ಕಾಯಿಯ ಹೆಸರು ಅಪ್ಪೆಮಿಡಿ.

ಜಾತಿ ಒಂದು, ಹೆಸರು ಹಲವು

ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಅಪ್ಪೆಮಿಡಿಯು ಬೇರೆ ಗಿಡವೇನೂ ಅಲ್ಲ. ರಸಪುರಿ, ಬಾದಾಮಿ, ಮಲಗೋವಗಳಂತೆ ಅದೂ ಮಾವೇ. 'ಮ್ಯಾಂಜಿಫೆರಾ ಇಂಡಿಕಾ' ಎಂಬ ಅದೇ ಶಾಸ್ತ್ರೀಯ ನಾಮವೇ ಅದಕ್ಕೂ ಸಲ್ಲುತ್ತದೆ. ಆದರೆ ರಸಪುರಿ ತೋಟದ ಮಗು. ಅಪ್ಪೆ ಕಾಡಿನ ಮಗು. ಪಶ್ಚಿಮ ಘಟ್ಟದ ಹಳ್ಳಕೊಳ್ಳಗಳ ಬದಿಯಲ್ಲಿ, ಹೊಳೆಯ ದಂಡೆಯಲ್ಲಿ, ಯಾರೂ ನೆಡದೆ, ಯಾರೂ ನೀರೆರೆಯದೆ, ಬಿದ್ದ ಓಟೆಯಿಂದ ತಾನಾಗಿ ಮೊಳೆತು ಆಕಾಶದೆತ್ತರಕ್ಕೆ ಬೆಳೆದ ಮರಗಳಿವು.

ಈ ಮೂರು ತಾಲ್ಲೂಕುಗಳೂ ಹೊಳೆಗಳ ತವರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರದ ಸೀಮೆಯನ್ನು ಹಾದು ಸಾಗರದ ಕಡೆಗೆ ಹರಿದು ಜೋಗದಲ್ಲಿ ಧುಮುಕುತ್ತದೆ. ಹೊಸನಗರ ತಾಲ್ಲೂಕಿನ ಹುಂಚದ ಬಳಿಯ ಬೆಟ್ಟದಲ್ಲಿ ಕುಮುದ್ವತಿ ಹುಟ್ಟುತ್ತದೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ವರದೆ. ಇನ್ನು ಹೆಸರುಳ್ಳ, ಹೆಸರಿಲ್ಲದ ಹಳ್ಳಗಳೆಷ್ಟೋ! ನೀರಿನ ತಂಪು, ಮಳೆಗಾಲದಲ್ಲಿ ಹೊಳೆಯು ತಂದು ಹರಡುವ ಮೆಕ್ಕಲು, ಕಾಡಿನ ತರಗೆಲೆಯ ಗೊಬ್ಬರ, ಇವುಗಳ ಆಶ್ರಯದಲ್ಲಿ ಈ ಮರಗಳು ಬಾಳಿದುವು. ಓಟೆಗಳನ್ನು ನೀರೇ ಒಯ್ದು ಮುಂದಿನ ದಂಡೆಗೆ ಸೇರಿಸುತ್ತಿತ್ತು. ಮಲೆನಾಡಿನ ಹಿರಿಯರ ಬಾಯಲ್ಲಿ 'ಹೊಳೆಸಾಲಿನ ಮಿಡಿ' ಎಂಬ ಮಾತಿಗೆ ಇಂದಿಗೂ ಒಂದು ಗೌರವವಿರುವುದು ಈ ಕಾರಣದಿಂದ.

ಮಾವಿನ ಓಟೆಯಿಂದ ಹುಟ್ಟಿದ ಗಿಡವು ತಾಯಿಮರದಂತೆಯೇ ಆಗುವುದೆಂಬ ಭರವಸೆಯಿಲ್ಲ. ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗವನ್ನು ನೊಣ, ದುಂಬಿಗಳು ತಂದು ಸೇರಿಸುತ್ತವೆ. ಮಗು ತಾಯಿಯ ಮೂಗನ್ನೂ ತಂದೆಯ ಬಣ್ಣವನ್ನೂ ಪಡೆದಂತೆ, ಹೊಸ ಗಿಡವು ಎರಡರ ಗುಣವನ್ನೂ ತನ್ನದೇ ರೀತಿಯಲ್ಲಿ ಬೆರೆಸಿಕೊಳ್ಳುತ್ತದೆ. ಆದುದರಿಂದ ಕಾಡಿನಲ್ಲಿರುವ ಒಂದೊಂದು ಅಪ್ಪೆಮರವೂ ಒಂದೊಂದು ವ್ಯಕ್ತಿ. ಒಂದರ ಮಿಡಿ ದುಂಡು, ಇನ್ನೊಂದರದು ನೀಳ. ಒಂದಕ್ಕೆ ಜೀರಿಗೆಯ ಕಂಪು, ಮತ್ತೊಂದಕ್ಕೆ ಕರ್ಪೂರದ ಛಾಯೆ. ಒಂದು ಫೆಬ್ರವರಿಯಲ್ಲೇ ಮಿಡಿ ಕೊಟ್ಟರೆ ಪಕ್ಕದ್ದು ಏಪ್ರಿಲ್ ತನಕ ಕಾಯಿಸುತ್ತದೆ.

ವ್ಯಕ್ತಿಗಳಾದ ಮೇಲೆ ಹೆಸರಿರಬೇಕಷ್ಟೆ. ಮಲೆನಾಡಿನ ಜನ ಮೊದಲು ಇವನ್ನು ಎರಡು ಬಳಗ ಮಾಡಿದರು. ಜೀರಿಗೆಯ ಪರಿಮಳ ಎದ್ದು ಕಾಣುವುದು 'ಜೀರಿಗೆ'; ಮಾವಿನ ಸೊನೆಯ ಗಾಢವಾದ ಕಂಪುಳ್ಳದ್ದು 'ಅಪ್ಪೆ'. ಆಮೇಲೆ ಊರಿನ ಹೆಸರನ್ನೋ ಮನೆಯ ಹೆಸರನ್ನೋ ಮರದ ಒಡೆಯನ ಹೆಸರನ್ನೋ ಅದಕ್ಕೆ ಅಂಟಿಸಿದರು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಹಳದೋಟದ ಅಪ್ಪೆ, ಗೆಣಸಿನಕುಣಿ ಜೀರಿಗೆ, ದೊಂಬೆಸರ ಜೀರಿಗೆ, ಹೊಸನಗರ ತಾಲ್ಲೂಕಿನದೇ ಆದ ಪುರಪ್ಪೆಮನೆಯ ಅಪ್ಪೆ, ಹೀಗೆ ಪಟ್ಟಿ ಬೆಳೆಯುತ್ತದೆ. ಈ ಬಗೆಯ ಒಂದೊಂದು ಹೆಸರಿನ ಹಿಂದೆಯೂ, ಎಲ್ಲೋ ಒಂದು ಹಳ್ಳದ ಬದಿಯಲ್ಲಿ ನಿಂತ ಅಥವಾ ನಿಂತಿದ್ದ ಒಂದೇ ಒಂದು ಮೂಲಮರವಿದೆ ಎಂಬುದನ್ನು ನೆನಪಿನಲ್ಲಿಡಬೇಕು. ಈ ಕಾಯಿಯ ಹಿರಿಮೆಯೂ ಅಪಾಯವೂ ಅಡಗಿರುವುದು ಅಲ್ಲಿಯೇ.

ಸೊನೆಯ ಗುಟ್ಟು

ಊಟದ ಮಾವು ಸಿಹಿಯಾಗಿರಬೇಕು, ನಾರಿರಬಾರದು, ಸೊನೆ ಕಡಿಮೆಯಿರಬೇಕು. ಅಪ್ಪೆಯ ಲಕ್ಷಣವೆಲ್ಲ ಇದಕ್ಕೆ ತಲೆಕೆಳಗು. ಅದು ಹಣ್ಣಾದರೆ ಬಹುಮಟ್ಟಿಗೆ ನಾರು ಮತ್ತು ಹುಳಿ. ಯಾರೂ ಅದಕ್ಕಾಗಿ ಕಾಯುವುದಿಲ್ಲ. ಒಳಗಿನ ಓಟೆ ಇನ್ನೂ ಗಟ್ಟಿಯಾಗದ, ಕತ್ತಿ ತಾಗಿಸಿದರೆ ಸಲೀಸಾಗಿ ಹೋಳಾಗುವ ಎಳೆತನದಲ್ಲೇ ಅದರ ಬೆಲೆಯೆಲ್ಲ. ಗಟ್ಟಿ ಸಿಪ್ಪೆ, ಬಿಗಿಯಾದ ತಿರುಳು, ನಾಲಗೆಯನ್ನು ಚುರುಗುಟ್ಟಿಸುವ ಹುಳಿ, ಉದ್ದನೆಯ ತೊಟ್ಟು, ತೊಟ್ಟು ಮುರಿದೊಡನೆ ಚಿಮ್ಮುವ ಧಾರಾಳವಾದ ಸೊನೆ, ಇವು ಒಳ್ಳೆಯ ಮಿಡಿಯ ಪಂಚಲಕ್ಷಣ.

ಸೊನೆಯನ್ನು ಒಂದು ಗಾಜಿನ ಕೊಳವೆಯಲ್ಲಿ ಹಿಡಿದಿಟ್ಟರೆ ಅದು ಎರಡು ಪದರವಾಗುತ್ತದೆ. ಕೆಳಗೆ ನೀರಿನಂಥ ಭಾಗ, ಮೇಲೆ ಎಣ್ಣೆಯಂಥ ಭಾಗ. ಪರಿಮಳವಿರುವುದು ಈ ಎಣ್ಣೆಯಲ್ಲಿ. ರಸಾಯನ ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ 'ಟರ್ಪೀನು'ಗಳೆಂಬ ವರ್ಗದ ದ್ರವ್ಯಗಳನ್ನು ಗುರುತಿಸಿದ್ದಾರೆ. ಮಿರ್ಸೀನ್, ಓಸಿಮೀನ್ ಎಂಬವು ಕಾಯಿಮಾವಿನ ಕಂಪಿಗೆ ಮುಖ್ಯ ಕಾರಣಗಳು. ಮಾವಿನಶುಂಠಿಯನ್ನು ಜಜ್ಜಿದಾಗ ಮಾವಿನ ನೆನಪಾಗುವುದೂ ಇವೇ ದ್ರವ್ಯಗಳ ದೆಸೆಯಿಂದ. ಇವುಗಳ ಪ್ರಮಾಣವು ಮರದಿಂದ ಮರಕ್ಕೆ ವ್ಯತ್ಯಾಸವಾಗುವುದರಿಂದಲೇ ಒಂದು ಮಿಡಿ ಜೀರಿಗೆಯಾಗಿ, ಇನ್ನೊಂದು ಅಪ್ಪೆಯಾಗಿ ಮೂಗಿಗೆ ತೋರುತ್ತದೆ.

ಇಲ್ಲಿ ಒಂದು ದೂರದ ನಂಟು ನೆನಪಿಗೆ ಬರುತ್ತದೆ. ಯೂರೋಪಿನ ತಂಪು ಸೀಮೆಗಳಲ್ಲಿ 'ಹಾಪ್' ಎಂಬ ಒಂದು ಬಳ್ಳಿಯನ್ನು ಬೆಳೆಯುತ್ತಾರೆ. ಅದರ ಹೆಣ್ಣುಹೂವಿನ ಗೊಂಚಲನ್ನು ಬಾರ್ಲಿಯ ಕಷಾಯದಲ್ಲಿ ಕುದಿಸಿದಾಗಲೇ ಬಿಯರ್ ಎಂಬ ಪಾನೀಯಕ್ಕೆ ಅದರ ಕಹಿಯೂ ಕಂಪೂ ಬರುವುದು. ಆ ಕಹಿಯು ಪಾನೀಯವನ್ನು ಬೇಗ ಕೆಡದಂತೆಯೂ ಕಾಯುತ್ತದೆ. ಬವೇರಿಯದ ದೊರೆಗಳು 1516ರಲ್ಲಿ, ಬಿಯರಿಗೆ ಬಾರ್ಲಿ, ಹಾಪ್ ಮತ್ತು ನೀರಿನ ಹೊರತು ಬೇರೇನನ್ನೂ ಹಾಕಕೂಡದೆಂದು ಕಟ್ಟಳೆ ಮಾಡಿದ್ದುಂಟು. ಈ ಹಾಪ್ ಹೂವಿನ ಎಣ್ಣೆಯಲ್ಲಿಯೂ ಮುಖ್ಯವಾಗಿರುವ ದ್ರವ್ಯ ಮಿರ್ಸೀನೇ! ಒಂದು ಬಳ್ಳಿ, ಇನ್ನೊಂದು ಹೆಮ್ಮರ. ಒಂದು ಪಡುವಣ ದೇಶದ ಪಾನಗೃಹಕ್ಕೆ, ಇನ್ನೊಂದು ಮಲೆನಾಡಿನ ಅಡಿಗೆಮನೆಗೆ. ಆದರೂ ಪ್ರಕೃತಿಯು ಎರಡಕ್ಕೂ ಒಂದೇ ಸುಗಂಧದ ಪೆಟ್ಟಿಗೆಯಿಂದ ಚಿಟಿಕೆ ತೆಗೆದು ಹಾಕಿದೆ.

ಸಾಮ್ಯವು ಅಷ್ಟಕ್ಕೇ ನಿಲ್ಲುವುದಿಲ್ಲ. ಹಾಪ್ ತಳಿಗಳಿಗೂ ಊರುಗಳ ಹೆಸರೇ. ಬೊಹೀಮಿಯದ ಜಾಟೆಟ್ಸ್ ಪಟ್ಟಣಕ್ಕೆ ಜರ್ಮನರಿಟ್ಟ ಹೆಸರಿನಿಂದ 'ಸಾಟ್ಸ್', ಬವೇರಿಯದ ಒಂದು ಸೀಮೆಯಿಂದ 'ಹಾಲರ್‌ಟೌ'. ಅಲ್ಲಿಯ ಬೆಳೆಗಾರರೂ ಬೀಜವನ್ನು ನಂಬುವುದಿಲ್ಲ. ಒಳ್ಳೆಯ ಬಳ್ಳಿಯ ಬೇರುತುಂಡನ್ನೇ ನೆಟ್ಟು ಅದೇ ಬಳ್ಳಿಯನ್ನು ಮುಂದುವರಿಸುತ್ತಾರೆ. ಆದರೆ ಅಲ್ಲಿ ಶತಮಾನಗಳಿಂದ ತೋಟಗಳಿವೆ, ಕಾಯಿದೆಗಳಿವೆ, ತಳಿಯ ದಾಖಲೆಗಳಿವೆ. ಅಪ್ಪೆಗೆ ಬಹುಕಾಲ ಇದ್ದುದು ಅಜ್ಜಿಯರ ಮೂಗು ಮತ್ತು ಅವರ ನೆನಪು ಮಾತ್ರ.

ಮರದಿಂದ ಭರಣಿಗೆ

ಅಪ್ಪೆಮರವನ್ನು ಹತ್ತುವುದು ಎಲ್ಲರಿಂದಾಗುವ ಕೆಲಸವಲ್ಲ. ಕಾಂಡವು ಕೊಂಬೆಯಿಲ್ಲದೆ ಬಹಳ ಎತ್ತರಕ್ಕೆ ನೇರವಾಗಿ ಹೋಗಿರುತ್ತದೆ. ಮಿಡಿಗಳೋ ತುದಿಕೊಂಬೆಗಳಲ್ಲಿ, ಎಷ್ಟೋ ಸಲ ಹೊಳೆಯ ಮೇಲಕ್ಕೆ ಚಾಚಿಕೊಂಡು ತೂಗುತ್ತಿರುತ್ತವೆ. ನುರಿತ ಆಳು ಹಗ್ಗ, ಬುಟ್ಟಿ, ಕೊಕ್ಕೆ ಕಟ್ಟಿದ ದೋಟಿ ಇವುಗಳೊಡನೆ ಮೇಲೇರಿ, ಗೊಂಚಲನ್ನು ತೊಟ್ಟು ಸಹಿತ ಕೊಯ್ದು ಬುಟ್ಟಿಗೆ ಹಾಕಿ, ಹಗ್ಗದಿಂದ ಮೆಲ್ಲನೆ ಕೆಳಗಿಳಿಸುತ್ತಾನೆ. ನೆಲಕ್ಕೆ ಬಿದ್ದ ಮಿಡಿಗೆ ಒಳಪೆಟ್ಟು ಬಿದ್ದಿರುತ್ತದೆ. ಅಂಥದು ಒಂದೇ ಒಂದು ಭರಣಿಯೊಳಗೆ ಸೇರಿದರೂ ಮೆತ್ತಗಾಗಿ ಕೊಳೆತು ನೆರೆಹೊರೆಯನ್ನೂ ಕೆಡಿಸೀತೆಂಬ ಭಯ. ತೊಟ್ಟನ್ನು ಉಳಿಸುವುದಕ್ಕೂ ಅರ್ಥವಿದೆ. ತೊಟ್ಟು ಕಳಚಿದರೆ ಸೊನೆ ಹರಿದುಹೋಗುತ್ತದೆ. ಸೊನೆ ಹೋದ ಮೇಲೆ ಅಪ್ಪೆಯಲ್ಲಿ ಉಳಿಯುವುದೇನು?

ಮನೆಗೆ ಬಂದ ಮಿಡಿಯನ್ನು ಅಂದೇ ಆರಿಸಿ, ತೊಟ್ಟನ್ನು ಚೂರು ಬಿಟ್ಟು ಕತ್ತರಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ ನೀರಾರಿಸುತ್ತಾರೆ. ಆಮೇಲೆ ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಮೇಲೊಂದು ಭಾರ. ಉಪ್ಪು ಮಿಡಿಯೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ. ದಿನಕ್ಕೊಮ್ಮೆ ಕೆಳಮೇಲು ಮಾಡುತ್ತ ಬಂದರೆ ಒಂದೆರಡು ವಾರದಲ್ಲಿ ಮಿಡಿಗಳು ಸುಕ್ಕುಗಟ್ಟಿ ತಮ್ಮದೇ ಉಪ್ಪುನೀರಿನಲ್ಲಿ ಮುಳುಗಿರುತ್ತವೆ. ಉಪ್ಪೂ ಹುಳಿಯೂ ಕೂಡಿದ ಆ ನೀರಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬಾಳುವೆ ಕಷ್ಟ. ಆ ಉಪ್ಪುನೀರನ್ನು ಚೆಲ್ಲುವುದಿಲ್ಲ. ಅದನ್ನು ಕುದಿಸಿ ಆರಿಸಿ, ಒಣಮೆಣಸಿನಕಾಯಿ, ಸಾಸಿವೆ, ಅರಿಸಿನಗಳನ್ನು ಅದರಲ್ಲೇ ನುಣ್ಣಗೆ ಅರೆದು, ಸುಕ್ಕಾದ ಮಿಡಿಗೆ ಬೆರೆಸಿ ಮತ್ತೆ ಭರಣಿಗೆ ತುಂಬಿ ಬಾಯಿ ಕಟ್ಟುತ್ತಾರೆ. ಹಸಿನೀರು ಸೋಕಬಾರದು, ಒದ್ದೆ ಕೈ ಹಾಕಬಾರದು, ಸೌಟು ಒಣಗಿರಬೇಕು. ಈ ನಿಯಮಗಳನ್ನು ಮೀರಿದ ಸೊಸೆಗೆ ಅತ್ತೆಯ ಕೋಪದ ಪರಿಚಯವಾಗದೆ ಇರುತ್ತಿರಲಿಲ್ಲ.

ಒಳ್ಳೆಯ ಮರದ ಮಿಡಿಯಾದರೆ ಹೀಗೆ ಹಾಕಿದ ಉಪ್ಪಿನಕಾಯಿ ವರ್ಷಗಟ್ಟಲೆ ಗರಿಗರಿಯಾಗಿಯೇ ಇರುತ್ತದೆ. ಹಲ್ಲಿಗೆ ಸಿಕ್ಕಿ ಕಟಕ್ಕೆಂದಾಗ, ಮೂರು ವರ್ಷದ ಹಿಂದಿನ ಬೇಸಿಗೆಯ ಸೊನೆಯ ಕಂಪು ಮೂಗಿಗೇರುತ್ತದೆ. ಸಾಧಾರಣ ಮಾವಿನ ಮಿಡಿ ಅಷ್ಟರಲ್ಲಿ ಮೆತ್ತಗಾಗಿ ಬರಿಯ ಉಪ್ಪುಖಾರದ ಮುದ್ದೆಯಾಗಿರುತ್ತದೆ. ಮಸಾಲೆ ಎರಡಕ್ಕೂ ಒಂದೇ, ವ್ಯತ್ಯಾಸ ಮರದ್ದು. ಮಲೆನಾಡಿನ ಮನೆಗಳಲ್ಲಿ ಬೇಸಿಗೆಯ ಮಧ್ಯಾಹ್ನ ಮಾಡುವ ಅಪ್ಪೆಹುಳಿಯೂ ಇದೇ ಕಾಯಿಯ ಕೊಡುಗೆ. ಬೇಯಿಸಿ ಕಿವುಚಿದ ಕಾಯಿಗೆ ಧಾರಾಳವಾಗಿ ನೀರು ಬೆರೆಸಿ, ಉಪ್ಪು ಹಾಕಿ, ಒಣಮೆಣಸು, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಊಟದ ಕೊನೆಗೆ ಅದನ್ನು ಲೋಟದಲ್ಲಿ ಕುಡಿದವರು ಜಗಲಿಯಲ್ಲಿ ಒರಗಿದರೆ ಸಂಜೆಯ ತನಕ ಏಳುವುದಿಲ್ಲವೆಂಬ ಪ್ರತೀತಿ ಉಂಟು.

ಕೀರ್ತಿಯೇ ಶಾಪವಾದಾಗ

ಇಷ್ಟು ಬೇಡಿಕೆಯುಳ್ಳ ಕಾಯಿಯ ಮರಗಳು ಕಾಡಿನಲ್ಲಿ ಹೆಚ್ಚಬೇಕಿತ್ತು, ಆದರೆ ಕಡಿಮೆಯಾದುವು. ಕಾರಣ ಸರಳ. ಮಾವಿನ ಸಂತತಿ ಮುಂದುವರಿಯಬೇಕಾದರೆ ಕಾಯಿ ಬಲಿತು ಹಣ್ಣಾಗಿ, ಓಟೆ ನೆಲಕ್ಕೆ ಬಿದ್ದು ಮೊಳೆಯಬೇಕು. ಅಪ್ಪೆಯನ್ನು ಕೊಯ್ಯುವುದೋ ಓಟೆ ಕಟ್ಟುವ ಮುಂಚೆಯೇ. ಮರಕ್ಕೆ ಎಷ್ಟು ಹೆಚ್ಚು ಹೆಸರೋ ಅದರ ಮಿಡಿಯೂ ಅಷ್ಟೇ ಪೂರ್ತಿಯಾಗಿ ಭರಣಿಗೆ ಸೇರುತ್ತದೆ. ರುಚಿಯಿಲ್ಲದ ಮರವು ನಿಶ್ಚಿಂತೆಯಿಂದ ಹಣ್ಣು ಬಿಟ್ಟು ಸಂಸಾರ ಬೆಳೆಸುತ್ತಿರುವಾಗ, ಊರೆಲ್ಲ ಹೊಗಳುವ ಮರವು ನಿಸ್ಸಂತಾನವಾಗಿ ಮುಪ್ಪಾಗುತ್ತದೆ.

ಹಿಂದಿನವರಿಗೆ ಈ ಸೂಕ್ಷ್ಮ ಗೊತ್ತಿರಲಿಲ್ಲವೆಂದಲ್ಲ. ಮನೆಯ ಬಳಕೆಗೆ ಬೇಕಾದಷ್ಟನ್ನು ಕೊಯ್ದು ಮಿಕ್ಕದ್ದನ್ನು ಮರಕ್ಕೂ ಮಂಗಗಳಿಗೂ ಬಿಡುತ್ತಿದ್ದರು. ಅಪ್ಪೆಮರವು ಪ್ರತಿವರ್ಷವೂ ಒಂದೇ ಸಮನೆ ಫಲ ಕೊಡುವಂಥದಲ್ಲ. ಒಂದು ವರ್ಷ ತೂಗಿ ಇನ್ನೊಂದು ವರ್ಷ ಬರಿದಾಗುವುದು ಅದರ ಸ್ವಭಾವ. ಹೂವಿನ ಕಾಲದಲ್ಲಿ ಮೋಡ ಕವಿದರೆ, ಇಬ್ಬನಿ ಹೆಚ್ಚಾದರೆ, ಜಿಗಿಹುಳು ಬಿದ್ದರೆ ಆ ವರ್ಷದ ಆಸೆ ಬಿಟ್ಟಂತೆಯೇ. ಆಗ ಹಳೆಯ ಭರಣಿ ಕೈಕೊಡದೆ ಕಾಯುತ್ತಿತ್ತು. ಆದರೆ ಉಪ್ಪಿನಕಾಯಿ ಮನೆಯ ಭರಣಿಯಿಂದ ಪೇಟೆಯ ಸೀಸೆಗೆ ಏರಿದ ಮೇಲೆ ಲೆಕ್ಕ ಬದಲಾಯಿತು. ಮರವನ್ನು ಆ ವರ್ಷದ ಮಟ್ಟಿಗೆ ಗುತ್ತಿಗೆ ಹಿಡಿದವನಿಗೆ ಮುಂದಿನ ವರ್ಷದ ಚಿಂತೆಯಿಲ್ಲ. ತುದಿಕೊಂಬೆಗೆ ಜೋತು ಒಂದೊಂದೇ ಗೊಂಚಲು ಕೊಯ್ಯುವುದಕ್ಕಿಂತ ಕೊಂಬೆಯನ್ನೇ ಕಡಿದು ಕೆಳಗೆ ಕೆಡವಿ ಆರಿಸಿಕೊಳ್ಳುವುದು ಅವನಿಗೆ ಸುಲಭ. ನೂರು ವರ್ಷ ಬೆಳೆದ ಕೊಂಬೆ ಒಂದು ಬೆಳಗಿನ ದುಡಿಮೆಗೆ ಆಹುತಿ. ಎಷ್ಟೋ ಹೆಸರಾಂತ ಮರಗಳು ಹೀಗೆ ಬೋಳಾಗಿ, ಗಾಳಿಮಳೆಗೆ ಸಿಕ್ಕಿ ನೆಲಕಚ್ಚಿದುವು.

ಕೊಡಲಿಗಿಂತ ದೊಡ್ಡ ಪೆಟ್ಟು ನೀರಿನಿಂದ ಬಂತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು ಶರಾವತಿಯು ಹಿಂದಕ್ಕೆ ಹರಡಿ ನಿಂತಿತು. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ನಾಡಿಗೆ ವಿದ್ಯುತ್ತಿನ ಬೆಳಕು ಬಂತು, ನಿಜ. ಆ ಬೆಳಕಿನ ಬೆಲೆಯನ್ನು ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಯ ಜನ ಗದ್ದೆ, ತೋಟ, ಮನೆ, ದೇವಸ್ಥಾನಗಳಿಂದ ತೆತ್ತರು. ಅನಂತರದ ದಶಕಗಳಲ್ಲಿ ಹೊಸನಗರ ತಾಲ್ಲೂಕಿನಲ್ಲಿಯೇ ಚಕ್ರಾ, ಸಾವೇಹಕ್ಕಲು, ಮಾಣಿ ಜಲಾಶಯಗಳು ತಲೆಯೆತ್ತಿದುವು. ನೀರು ಮೊದಲು ಮುಳುಗಿಸುವುದು ಹೊಳೆಯ ದಂಡೆಯನ್ನು. ಅಪ್ಪೆಯ ತೌರು ಅದೇ ದಂಡೆ. ಗದ್ದೆಗೆ ಪರಿಹಾರ ಕೊಡಬಹುದು, ಮರದ ನಾಟಾಕ್ಕೂ ಬೆಲೆ ಕಟ್ಟಬಹುದು. ಆದರೆ ಒಂದೇ ಮರದಲ್ಲಿದ್ದ ಒಂದು ಪರಿಮಳವು ಮುಳುಗಿದರೆ ಅದನ್ನು ತುಂಬಿಕೊಡುವ ಬೊಕ್ಕಸ ಎಲ್ಲಿದೆ? ಮನೆಮಠ ಬಿಟ್ಟು ಲಾರಿಗಳಲ್ಲಿ ಹೊರಟ ಸಂಸಾರಗಳು ಪಾತ್ರೆಪಗಡಿಯೊಡನೆ ಭರಣಿಯನ್ನೂ ಒಯ್ಯಬಹುದಿತ್ತು; ಆ ಭರಣಿಯನ್ನು ತುಂಬಿಸಿದ್ದ ಮರವನ್ನು ಒಯ್ಯುವಂತಿರಲಿಲ್ಲ.

ಕಸಿಯೆಂಬ ಮರುಹುಟ್ಟು

ಮರವನ್ನು ಒಯ್ಯಲಾಗದಿದ್ದರೂ ಅದರ ಒಂದು ಕಡ್ಡಿಯನ್ನು ಒಯ್ಯಬಹುದೆಂಬ ತಿಳಿವಳಿಕೆಯೇ ಅಪ್ಪೆಯನ್ನು ಉಳಿಸಿದ್ದು. ಓಟೆ ಹಾಕಿದರೆ ಹುಟ್ಟುವುದು ತಾಯಿಮರದ ಮಗು. ಕಸಿ ಕಟ್ಟಿದರೆ ಬೆಳೆಯುವುದು ತಾಯಿಮರವೇ.

ವಿಧಾನವನ್ನು ಕೇಳುವುದಕ್ಕೆ ಸುಲಭ. ಕೈಗೆ ಮಾತ್ರ ಪಳಗಿಕೆ ಬೇಕು. ಯಾವುದಾದರೊಂದು ಕಾಡುಮಾವಿನ ಓಟೆಯನ್ನು ಮೊಳೆಯಿಸಿ ಬೇರುಗಿಡವನ್ನು ಸಿದ್ಧಪಡಿಸಿಕೊಳ್ಳಬೇಕು. ಮೆಚ್ಚಿದ ಅಪ್ಪೆಮರದಲ್ಲಿ ಪೆನ್ಸಿಲಿನ ದಪ್ಪದ ಒಂದು ತುದಿಕಡ್ಡಿಯನ್ನು ಆರಿಸಿ, ವಾರ ಹತ್ತು ದಿನ ಮುಂಚೆಯೇ ಅದರ ಎಲೆಗಳನ್ನು ತೊಟ್ಟಿನವರೆಗೆ ಕತ್ತರಿಸಿ ಬಿಡಬೇಕು. ಆಗ ಮೊಗ್ಗು ಉಬ್ಬಿ ಚಿಗುರುವ ಹವಣಿಕೆಯಲ್ಲಿರುತ್ತದೆ. ಆ ಕಡ್ಡಿಯನ್ನು ಕೊಯ್ದು ತಂದು, ಬುಡವನ್ನು ಬೆಣೆಯಂತೆ ಎರಡು ಕಡೆ ಕೆತ್ತಿ, ಬೇರುಗಿಡದ ಎಳೆಯ ಕಾಂಡದ ತಲೆ ಕತ್ತರಿಸಿ ನಡುವೆ ಸೀಳಿ, ಅದರೊಳಗೆ ಬೆಣೆಯನ್ನು ಇಳಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಒಣಗದಂತೆ ಮೇಲೊಂದು ಸಣ್ಣ ಪ್ಲಾಸ್ಟಿಕ್ ಚೀಲದ ಟೊಪ್ಪಿಗೆ. ಮಳೆಗಾಲದ ತೇವದ ಗಾಳಿ ಇದಕ್ಕೆ ಅನುಕೂಲ. ಸಿಪ್ಪೆಗೆ ಸಿಪ್ಪೆ ಹೊಂದಿ ಕೂಡಿದರೆ ಸುಮಾರು ಮೂರು ವಾರದಲ್ಲಿ ತುದಿಯಲ್ಲಿ ಕೆಂಪು ಚಿಗುರು ಕಾಣುತ್ತದೆ. ಎಲ್ಲೋ ಹಳ್ಳದ ಬದಿಯಲ್ಲಿ ಸಾಯುತ್ತಿರುವ ಮುದಿಮರವೊಂದು ಮನೆಯಂಗಳದ ಪುಟ್ಟ ಚೀಲದಲ್ಲಿ ಮತ್ತೆ ಕಣ್ತೆರೆಯುತ್ತದೆ. ಓಟೆಯಿಂದ ಬೆಳೆದ ಮರ ಫಲಕ್ಕೆ ಬರುವುದಕ್ಕೆ ಬಹಳ ವರ್ಷ ಹಿಡಿದರೆ, ಕಸಿಯ ಗಿಡವು ನಾಲ್ಕೈದು ವರ್ಷಗಳಲ್ಲೇ ಮಿಡಿ ತೋರಿಸುತ್ತದೆ. ಅದೂ ಕೈಗೆಟಕುವ ಎತ್ತರದಲ್ಲಿ.

ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರೇ ಹಲವರು. ತಮ್ಮ ಅಜ್ಜಿ ಹೇಳುತ್ತಿದ್ದ ಮರವನ್ನು ಹುಡುಕಿಕೊಂಡು ಕಾಡು ಸುತ್ತಿ, ಕಡ್ಡಿ ತಂದು, ತೋಟದ ಅಂಚಿನಲ್ಲಿ ಬೆಳೆಸಿದರು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಪ್ಪೆಯ ಹಲವು ತಳಿಗಳನ್ನು ಸಂಗ್ರಹಿಸಿ ಬೆಳೆಸಿದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರೂ ಈ ಮರಗಳ ಅಧ್ಯಯನದಲ್ಲಿ ತೊಡಗಿದ್ದಾರೆ. ಭೌಗೋಳಿಕ ಸೂಚಕಗಳ ಬಗೆಗೆ 1999ರಲ್ಲಿ ರಚಿತವಾಗಿ 2003ರಲ್ಲಿ ಜಾರಿಗೆ ಬಂದ ಕಾಯಿದೆಯ ಮೇರೆಗೆ, ಮೈಸೂರು ರೇಷ್ಮೆ, ನಂಜನಗೂಡಿನ ರಸಬಾಳೆಗಳಂತೆ ಅಪ್ಪೆಮಿಡಿಗೂ ಕರ್ನಾಟಕದ ವಿಶಿಷ್ಟ ಪದಾರ್ಥವೆಂಬ ಮಾನ್ಯತೆ ದೊರೆತಿದೆ.

ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಕಸಿಗೂ ಒಂದು ಮಿತಿಯುಂಟು. ಅದು ಇರುವ ಪರಿಮಳವನ್ನು ಉಳಿಸಬಲ್ಲದು; ಹೊಸ ಪರಿಮಳವನ್ನು ಹುಟ್ಟಿಸಲಾರದು. ಅನಂತಭಟ್ಟನ ಅಪ್ಪೆಯನ್ನು ಸಾವಿರ ಅಂಗಳಗಳಲ್ಲಿ ನೆಟ್ಟರೂ ಸಾವಿರವೂ ಅದೇ ಒಂದು ಮರ. ನಾಳೆಯ ಹೊಸ ಅಪ್ಪೆಯೊಂದು ಹುಟ್ಟಬೇಕಾದರೆ ಎಲ್ಲೋ ಒಂದು ಹೊಳೆಯ ದಂಡೆಯಲ್ಲಿ ಕೆಲವು ಗೊಂಚಲುಗಳು ಕೊಯ್ಯದೆ ಉಳಿದು, ಹಣ್ಣಾಗಿ, ಬಿದ್ದು, ನೀರಿನಲ್ಲಿ ತೇಲಿ, ಗುರುತಿಲ್ಲದ ಕಡೆ ಮೊಳೆಯಬೇಕು. ಅಂಗಳದ ಕಸಿಗಿಡವೂ ಬೇಕು, ಕಾಡಿನ ಹೆಮ್ಮರವೂ ಬೇಕು. ಒಂದನ್ನು ನೆಟ್ಟೆವೆಂದು ಇನ್ನೊಂದನ್ನು ಮರೆಯುವಂತಿಲ್ಲ.

ಪಟ್ಟಣದ ಮೇಜಿನ ಮೇಲೆ

ಬೆಂಗಳೂರು, ಮುಂಬಯಿಗಳ ಮನೆಗಳಲ್ಲಿಯೂ ಇಂದು ಅಪ್ಪೆಮಿಡಿ ಅಪರಿಚಿತವಲ್ಲ. ಬೇಸಿಗೆ ರಜೆಯಲ್ಲಿ ತವರಿಗೆ ಹೋದ ಮಗಳ ಚೀಲದಲ್ಲಿ, ಮದುವೆಗೆಂದು ಬಂದ ಚಿಕ್ಕಮ್ಮನ ಕೈಯಲ್ಲಿ, ಬಸ್ಸಿನ ಮೇಲೆ ಕಟ್ಟಿದ ಡಬ್ಬಿಯಲ್ಲಿ ಅದು ಪಟ್ಟಣ ಸೇರುತ್ತದೆ. ಅಂಗಡಿಗಳಲ್ಲಿಯೂ 'ಅಪ್ಪೆಮಿಡಿ' ಎಂದು ಬರೆದ ಸೀಸೆಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಎಷ್ಟರೊಳಗೆ ನಿಜವಾದ ಅಪ್ಪೆಯಿದೆ ಎಂಬುದನ್ನು ಮುಚ್ಚಳ ತೆಗೆದ ಮೇಲೆ ಮೂಗೇ ಹೇಳಬೇಕು.

ಕೊಳ್ಳುವವರು ಒಂದು ಅಭ್ಯಾಸವನ್ನು ಮಾತ್ರ ಮಲೆನಾಡಿನ ಗೃಹಿಣಿಯಿಂದ ಕಲಿಯಬಹುದು: "ಯಾವ ಮರದ್ದು?" ಎಂದು ಕೇಳುವ ಅಭ್ಯಾಸ. ಕೇಳುವವರಿದ್ದರೆ ಮಾರುವವನು ಮರದ ಹೆಸರನ್ನು ನೆನಪಿಡುತ್ತಾನೆ. ಹೆಸರಿಗೆ ಬೆಲೆಯಿದೆಯೆಂದು ಕಂಡರೆ ಮರದ ಒಡೆಯನು ಕೊಂಬೆಗೆ ಕೊಡಲಿ ಹಾಕಲು ಬಿಡುವುದಿಲ್ಲ. ಕಸಿ ಕಟ್ಟುವವನು ಕಡ್ಡಿಗಾಗಿ ಹುಡುಕಿಕೊಂಡು ಬರುತ್ತಾನೆ. ಯಾರೂ ಕೇಳದ ದಿನ ಎಲ್ಲವೂ ಬರಿಯ 'ಮಾವಿನ ಮಿಡಿ'ಯಾಗಿ, ನೂರು ಪರಿಮಳಗಳು ಒಂದೇ ಖಾರದಲ್ಲಿ ಕರಗಿಹೋಗುತ್ತವೆ.

ಹಳೆಯ ಮನೆಗಳ ಉಗ್ರಾಣದಲ್ಲಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಒಂದು ಚೀಟಿಯನ್ನು ಕಟ್ಟಿಡುವ ವಾಡಿಕೆ ಕೆಲವು ಮನೆಗಳಲ್ಲಿದೆ. ಅದರಲ್ಲಿ ಇರುವುದು ಎರಡೇ ಸಂಗತಿ: ಹಾಕಿದ ವರ್ಷ ಮತ್ತು ಮರದ ಹೆಸರು. ಮರ ನಿಂತಿದೆಯೋ ಬಿದ್ದಿದೆಯೋ, ಚೀಟಿಯಿರುವ ತನಕ ಮುಂದಿನ ತಲೆಮಾರಿಗೆ ಹುಡುಕಲು ಒಂದು ದಾರಿಯಾದರೂ ಇರುತ್ತದೆ.